ಓದುತ್ತಿರುವ ಪುಸ್ತಕದ ಹೆಸರನ್ನು ಪೀಠಿಕೆಯಿಲ್ಲದೆ ಬರೆಯೋಣ

‘ಈಗ ಏನು ಓದುತ್ತಿದ್ದೀರಿ?’ ಎಂಬ ಪ್ರಶ್ನೆಗೆ ಓದುಗರ ಈ ಆನ್‌ಲೈನ್ ಬಳಗದಲ್ಲಿ ಬರುವ ಉತ್ತರಗಳನ್ನು ನಾನು ಒಂದನ್ನೂ ಬಿಡದೆ ಓದುತ್ತೇನೆ. ವಿಮರ್ಶೆಗಳಿಗಿಂತ ಈ ಪಟ್ಟಿಗಳ ಮೇಲೆಯೇ ನನಗೆ ನಂಬಿಕೆ ಹೆಚ್ಚು, ಏಕೆಂದರೆ ಅಲ್ಲಿ ಓದುಗರು ಯಾರನ್ನೂ ಮೆಚ್ಚಿಸಲು ಹೊರಟಿರುವುದಿಲ್ಲ. ಒಬ್ಬರು ಕುವೆಂಪು ಅವರ ಕಾದಂಬರಿಗೆ ಮತ್ತೆ ಮರಳಿರುತ್ತಾರೆ, ಇನ್ನೊಬ್ಬರು ಪತ್ತೇದಾರಿ ಕಥೆಯ ಅರ್ಧದಲ್ಲಿರುತ್ತಾರೆ, ಮತ್ತೊಬ್ಬರು ಆರೋಗ್ಯದ ಬಗೆಗಿನ ಯಾವುದೋ ಪುಸ್ತಕವನ್ನು ಬೇಸರದಿಂದಲೇ ಮುಗಿಸುತ್ತಿರುತ್ತಾರೆ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದದ ಮೂಲಕ, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಮೇಲಂತೂ ಎಷ್ಟೋ ಪಟ್ಟಿಗಳಲ್ಲಿ ಅವರ ಹೆಸರೇ ಕಾಣುತ್ತಿತ್ತು. ಪ್ರಶಸ್ತಿಗಿಂತ ಮೊದಲು ಅವರನ್ನು ಓದದಿದ್ದವರು ಆಗ ಓದತೊಡಗಿದರು. ಹೆಸರು ಕಣ್ಣಿಗೆ ಬೀಳುವುದರಿಂದಲೇ ಪುಸ್ತಕಕ್ಕೆ ಓದುಗರು ಸಿಗುತ್ತಾರೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ಇದೇ ಪಟ್ಟಿಗಳಲ್ಲಿ ಸಲಿಂಗ ಪ್ರೇಮದ ಕಥೆಯೋ ಟ್ರಾನ್ಸ್‌ಜೆಂಡರ್ ವ್ಯಕ್ತಿಯೊಬ್ಬರ ಬದುಕಿನ ಪುಸ್ತಕವೋ ಬಂದಾಗ ಬರಹದ ಧಾಟಿ ಬದಲಾಗುವುದನ್ನು ನಾನು ಗಮನಿಸುತ್ತಾ ಬಂದಿದ್ದೇನೆ. ಉಳಿದ ಪುಸ್ತಕಗಳಿಗೆ ಬರಿಯ ಹೆಸರು ಸಾಕಾಗಿದ್ದರೆ, ಇದಕ್ಕೆ ಮಾತ್ರ ಒಂದು ಪೀಠಿಕೆ ಬೇಕಾಗುತ್ತದೆ. ಸ್ನೇಹಿತರೊಬ್ಬರು ಒತ್ತಾಯಿಸಿದ್ದರಿಂದ ಓದಿದೆ, ವಿಷಯ ನನಗೆ ಸಂಬಂಧಪಟ್ಟದ್ದಲ್ಲವಾದರೂ ಕುತೂಹಲದಿಂದ ಕೈಗೆತ್ತಿಕೊಂಡೆ, ತಪ್ಪು ತಿಳಿಯಬೇಡಿ ಎಂಬಂಥ ಮಾತುಗಳು ಹೆಸರಿಗಿಂತ ಮೊದಲೇ ಬಂದು ನಿಲ್ಲುತ್ತವೆ. ಬರೆದವರ ಮನಸ್ಸಿನಲ್ಲಿ ಕೇಡಿರುವುದಿಲ್ಲ ಎಂಬುದು ನನಗೆ ಗೊತ್ತು. ಆದರೆ ಆ ಪೀಠಿಕೆಯನ್ನು ಮೌನವಾಗಿ ಓದುತ್ತಿರುವ ಇನ್ನೊಬ್ಬರಿರುತ್ತಾರೆ. ಈ ಪುಸ್ತಕವನ್ನು ಓದುವುದಕ್ಕೆ ಕಾರಣ ಕೊಡಬೇಕಾಗುತ್ತದೆ ಎಂದು ಅವರು ಅದರಿಂದ ತಿಳಿದುಕೊಳ್ಳುತ್ತಾರೆ, ಮತ್ತು ಕೊಡಲು ತಮ್ಮ ಬಳಿ ಅಂಥ ಸುಲಭವಾದ ಕಾರಣವಿಲ್ಲವಲ್ಲ ಎಂದು ಹಿಂದೆ ಸರಿಯುತ್ತಾರೆ.

ನಾನು ಈಗ ಓದುತ್ತಿರುವುದನ್ನು ಹೇಳುತ್ತೇನೆ. ವಸುಧೇಂದ್ರ ಅವರ ಕಥಾಸಂಕಲನ ‘ಮೋಹನಸ್ವಾಮಿ’ಯನ್ನು ಮತ್ತೊಮ್ಮೆ ಓದುತ್ತಿದ್ದೇನೆ. ಅದರ ಜೊತೆಗೆ ಸಚಿನ್ ಕುಂಡಲ್ಕರ್ ಅವರ ಮರಾಠಿ ಕಾದಂಬರಿ ‘ಕೋಬಾಲ್ಟ್ ಬ್ಲೂ’ವನ್ನು ಜೆರ‍್ರಿ ಪಿಂಟೋ ಅವರ ಇಂಗ್ಲಿಷ್ ಅನುವಾದದಲ್ಲಿ ಓದುತ್ತಿದ್ದೇನೆ.

‘ಮೋಹನಸ್ವಾಮಿ’ ಪ್ರಕಟವಾದದ್ದು 2013ರಲ್ಲಿ. ಅದೇ ವರ್ಷದ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು, ದೆಹಲಿ ಹೈಕೋರ್ಟಿನ 2009ರ ತೀರ್ಪನ್ನು ತಳ್ಳಿಹಾಕಿ, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 377ನೆಯ ಕಲಮನ್ನು ಮತ್ತೆ ಪೂರ್ಣವಾಗಿ ಜಾರಿಗೆ ತಂದಿತು. ಆ ಕಲಮಿನಿಂದ ವಯಸ್ಕರ ಸಮ್ಮತಿಯ ಸಂಬಂಧವನ್ನು ಹೊರಗಿಟ್ಟ ತೀರ್ಪು ಬರಲು 2018ರ ಸೆಪ್ಟೆಂಬರ್ 6ರವರೆಗೆ ಕಾಯಬೇಕಾಯಿತು. ಅಂದರೆ ಈ ಕಥೆಗಳು ಪುಸ್ತಕವಾಗಿ ಹೊರಬಂದ ಕಾಲದಲ್ಲಿ, ಅವುಗಳೊಳಗಿನ ಪ್ರೀತಿಗೆ ಕಾನೂನಿನ ಕಣ್ಣಿನಲ್ಲಿ ಅಪರಾಧದ ಹೆಸರಿತ್ತು. ಲೇಖಕರು ಮೋಹನಸ್ವಾಮಿಯ ಒಂದು ಕಥೆಯನ್ನು ಮೊದಲು ಬೇರೊಂದು ಹೆಸರಿನಲ್ಲಿ ಪ್ರಕಟಿಸಿ, ಆನಂತರ ಇಡೀ ಸಂಕಲನವನ್ನು ತಮ್ಮ ಹೆಸರಿನಲ್ಲಿಯೇ ಹೊರತಂದರು. ಅಷ್ಟರಲ್ಲಾಗಲೇ ಅವರ ಪ್ರಬಂಧಗಳು ಮನೆಮನೆಯಲ್ಲಿ ಓದಿಸಿಕೊಂಡಿದ್ದವು. ಅವರಿಗೆ ಕಳೆದುಕೊಳ್ಳಲು ಅಪಾರ ಓದುಗ ಬಳಗವಿತ್ತು ಎಂಬುದನ್ನು ಮರೆಯಬಾರದು.

ಆದರೂ ಈ ಪುಸ್ತಕವನ್ನು ಧೈರ್ಯದ ಪುಸ್ತಕವೆಂದು ಹೊಗಳಿ ಮಾತು ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಹಾಗೆ ಹೊಗಳಿದ ಕೂಡಲೇ ಕಥೆಗಳನ್ನು ಕಥೆಗಳಾಗಿ ಓದುವ ಕೆಲಸ ನಿಂತುಹೋಗುತ್ತದೆ. ಬಹುಕಾಲ ಜೊತೆಗಿದ್ದ ಕಾರ್ತಿಕ್ ಒಬ್ಬ ಹುಡುಗಿಯನ್ನು ಮದುವೆಯಾಗಲು ಹೊರಟಾಗ ಮೋಹನಸ್ವಾಮಿಗೆ ಆಗುವ ಸಂಕಟವನ್ನು ನೋಡಿ. ಅಲ್ಲಿ ಅಸೂಯೆಯಿದೆ, ಸಣ್ಣತನವಿದೆ, ತನ್ನನ್ನೇ ತಾನು ಹೀನೈಸಿಕೊಳ್ಳುವ ಕ್ಷಣಗಳಿವೆ, ಗೌರವದಿಂದ ಬದುಕಬೇಕೆಂಬ ಸರಳವಾದ ಆಸೆಯೂ ಇದೆ. ಕೈಬಿಟ್ಟುಹೋದ ಪ್ರೀತಿಯ ಬಗ್ಗೆ ಕನ್ನಡದಲ್ಲಿ ನೂರಾರು ಕಥೆಗಳಿದ್ದರೂ, ಬಿಟ್ಟುಹೋದವನ ಮೇಲೆ ಬಹಿರಂಗವಾಗಿ ಸಿಟ್ಟು ಮಾಡಿಕೊಳ್ಳುವ ಹಕ್ಕೂ ಇಲ್ಲದವನ ದುಃಖ ಹೇಗಿರುತ್ತದೆ ಎಂಬುದನ್ನು ನಾನು ಈ ಪುಸ್ತಕದಲ್ಲಿಯೇ ಕಂಡದ್ದು. ಊರಿಗೆಲ್ಲ ಗೊತ್ತಿರುವ ಪ್ರೇಮ ಮುರಿದರೆ ಸಮಾಧಾನ ಹೇಳಲು ನಾಲ್ಕು ಜನ ಬರುತ್ತಾರೆ. ಇದ್ದದ್ದೇ ಯಾರಿಗೂ ಗೊತ್ತಿಲ್ಲದ ಪ್ರೇಮ ಮುರಿದರೆ ಬರುವವರಾರು? ಕೆಲವು ಕಥೆಗಳಲ್ಲಿ ಲೇಖಕರು ಓದುಗರಿಗೆ ತಿಳಿಸಿ ಹೇಳುವ ಆತುರಕ್ಕೆ ಒಳಗಾಗಿದ್ದಾರೆ ಎಂದೂ ನನಗೆ ಅನ್ನಿಸುತ್ತದೆ. ಇದನ್ನೂ ಬರೆಯಬೇಕು. ಉಳಿದ ಪುಸ್ತಕಗಳಿಗೆ ಅನ್ವಯಿಸುವ ಮಾನದಂಡವನ್ನೇ ಈ ಪುಸ್ತಕಕ್ಕೂ ಅನ್ವಯಿಸಿದಾಗ ಮಾತ್ರ ಅದನ್ನು ನಾವು ಸಾಹಿತ್ಯವೆಂದು ಒಪ್ಪಿಕೊಂಡಂತಾಗುತ್ತದೆ.

‘ಕೋಬಾಲ್ಟ್ ಬ್ಲೂ’ ಬೇರೆಯದೇ ಬಗೆಯ ಪುಸ್ತಕ. ಪುಣೆಯ ಒಂದು ಮಧ್ಯಮವರ್ಗದ ಮನೆಗೆ ಪೇಯಿಂಗ್ ಗೆಸ್ಟ್ ಆಗಿ ಬಂದ ಯುವಕನನ್ನು ಆ ಮನೆಯ ಮಗ ತನಯ್ ಮತ್ತು ಮಗಳು ಅನುಜಾ ಇಬ್ಬರೂ ಪ್ರೀತಿಸುತ್ತಾರೆ. ಮೊದಲ ಭಾಗ ಅಣ್ಣನದು, ಎರಡನೆಯದು ತಂಗಿಯ ದಿನಚರಿ. ಒಂದೇ ನಷ್ಟವನ್ನು ಇಬ್ಬರೂ ಅನುಭವಿಸುತ್ತಾರೆ. ತಂಗಿಯ ನಷ್ಟ ಮನೆಯವರಿಗೆ ಗೊತ್ತಾಗುತ್ತದೆ, ಅದಕ್ಕಾಗಿ ಅವರು ಸಿಟ್ಟಾಗುತ್ತಾರೆ, ಅಳುತ್ತಾರೆ, ಚಿಕಿತ್ಸೆಯ ಮಾತನಾಡುತ್ತಾರೆ. ಅಣ್ಣನದು ಅದೇ ಮನೆಯೊಳಗೆ ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ. ಎರಡು ಭಾಗಗಳನ್ನು ಪಕ್ಕಪಕ್ಕದಲ್ಲಿ ಇಟ್ಟಿರುವುದರಿಂದಲೇ ಈ ವ್ಯತ್ಯಾಸ ನಮ್ಮನ್ನು ತಟ್ಟುತ್ತದೆ, ಲೇಖಕ ಅದರ ಬಗ್ಗೆ ಒಂದು ಭಾಷಣವನ್ನೂ ಮಾಡಬೇಕಾಗಿಲ್ಲ. ‘ಮೋಹನಸ್ವಾಮಿ’ಯ ಪಕ್ಕದಲ್ಲಿ ಇದನ್ನು ಓದಿದವರಿಗೆ ಬೆಂಗಳೂರು ಮತ್ತು ಪುಣೆಯ ಮನೆಗಳು ಎಷ್ಟು ಹತ್ತಿರದವು ಎಂಬುದು ತಿಳಿಯುತ್ತದೆ.

ಕನ್ನಡದ ಓದುಗರ ಪಟ್ಟಿಗಳಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಆತ್ಮಕಥೆಗಳು ಸ್ವಲ್ಪ ಹೆಚ್ಚಾಗಿಯೇ ಕಾಣುತ್ತವೆ. ಎ. ರೇವತಿ ಅವರ ಬದುಕನ್ನು ದು. ಸರಸ್ವತಿ ಅವರು ಕನ್ನಡಕ್ಕೆ ತಂದ ‘ಬದುಕು ಬಯಲು’, ಲಿವಿಂಗ್ ಸ್ಮೈಲ್ ವಿದ್ಯಾ ಅವರ ತಮಿಳು ಆತ್ಮಕಥೆಯ ಕನ್ನಡ ರೂಪ ‘ನಾನು ಅವನಲ್ಲ... ಅವಳು!’, ಮಂಜಮ್ಮ ಜೋಗತಿಯವರ ಬದುಕನ್ನು ಅರುಣ್ ಜೋಳದಕೂಡ್ಲಿಗಿ ಅವರು ನಿರೂಪಿಸಿದ ‘ನಡುವೆ ಸುಳಿವ ಹೆಣ್ಣು’, ಇವುಗಳನ್ನು ಓದದವರು ದಯವಿಟ್ಟು ಓದಿ. ‘ಬದುಕು ಬಯಲು’ ರಂಗಕ್ಕೂ ಬಂತು, ವಿದ್ಯಾ ಅವರ ಪುಸ್ತಕವನ್ನು ಆಧರಿಸಿದ ಚಿತ್ರದ ಅಭಿನಯಕ್ಕೆ ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಆದರೆ ಆತ್ಮಕಥೆಯನ್ನು ಓದುವಾಗ ನಾವು ಸಾಮಾನ್ಯವಾಗಿ ಕೇಳುಗರ ಸ್ಥಾನದಲ್ಲಿ ಕುಳಿತಿರುತ್ತೇವೆ. ಅವರ ನೋವಿಗೆ ಮರುಗುತ್ತೇವೆ, ಅವರ ಸಾಧನೆಗೆ ತಲೆಬಾಗುತ್ತೇವೆ, ಪುಸ್ತಕ ಮುಚ್ಚಿದ ಮೇಲೆ ಅದು ಅವರ ಬದುಕಾಗಿಯೇ ಉಳಿಯುತ್ತದೆ. ಕಥೆ ನಮ್ಮನ್ನು ಅಷ್ಟು ದೂರದಲ್ಲಿ ಕೂರಲು ಬಿಡುವುದಿಲ್ಲ. ಪಾತ್ರದ ಅಸೂಯೆಯನ್ನು ನಾವು ನಮ್ಮದೇ ಅಸೂಯೆಯಿಂದ ಅರ್ಥಮಾಡಿಕೊಳ್ಳಬೇಕಾಗುತ್ತದೆ. ಮೆಚ್ಚುಗೆಗೆ ಅರ್ಹರಲ್ಲದ, ಯಾವ ಪ್ರಶಸ್ತಿಯನ್ನೂ ಪಡೆಯದ, ಸುಳ್ಳು ಹೇಳುವ, ಸೋಮಾರಿಯಾದ, ತಮಾಷೆಯ ಸಲಿಂಗಿ ಪಾತ್ರಗಳೂ ನಮಗೆ ಬೇಕು. ಆದ್ದರಿಂದಲೇ ನಾನು ಆತ್ಮಕಥೆಯ ಪಕ್ಕದಲ್ಲಿ ಕಥೆ ಕಾದಂಬರಿಗಳ ಹೆಸರನ್ನು ಕೇಳುತ್ತಿದ್ದೇನೆ.

ನಾನು ವೃತ್ತಿಯಿಂದ ಕಾಲೇಜೊಂದರ ಗ್ರಂಥಪಾಲಕಿ. ಈ ಬಗೆಯ ಪುಸ್ತಕಗಳ ಓದನ್ನು ರಿಜಿಸ್ಟರಿನ ಲೆಕ್ಕದಿಂದ ಅಳೆಯಲಾಗುವುದಿಲ್ಲ ಎಂಬುದು ನನ್ನ ಕೆಲಸದಿಂದಲೇ ನನಗೆ ತಿಳಿದದ್ದು. ಮನೆಗೆ ಒಯ್ದವರ ದಾಖಲೆ ಕಡಿಮೆಯಿರುತ್ತದೆ, ಆದರೆ ಪುಟಗಳ ಅಂಚು ಮಾಸಿರುತ್ತದೆ, ಬೆನ್ನು ಸಡಿಲವಾಗಿರುತ್ತದೆ. ಪುಸ್ತಕ ತನ್ನ ಜಾಗದಲ್ಲಿರದೆ ಅರ್ಥಶಾಸ್ತ್ರದ ಕಪಾಟಿನಲ್ಲಿ ಬೇರೆ ಪುಸ್ತಕಗಳ ಹಿಂದೆ ಸಿಗುತ್ತದೆ. ಯಾರೋ ಅದನ್ನು ಕೌಂಟರಿಗೆ ತಂದು ತಮ್ಮ ಹೆಸರಿಗೆ ಬರೆಸಿಕೊಳ್ಳಲಾರದೆ, ಇನ್ನೊಬ್ಬರ ಕೈಗೆ ಸಿಗದಂತೆ ಅಡಗಿಸಿಟ್ಟು, ದಿನಕ್ಕೆ ಇಷ್ಟಿಷ್ಟು ಎಂದು ಓದುತ್ತಿರುತ್ತಾರೆ. ಅಂಥ ಪುಸ್ತಕ ಸಿಕ್ಕಾಗ ನಾನು ಅದನ್ನು ಕೂಡಲೇ ಸ್ವಸ್ಥಾನಕ್ಕೆ ಒಯ್ಯುವುದಿಲ್ಲ.

ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಪ್ರತಿಯೊಬ್ಬ ಓದುಗರಿಗೂ ಅವರ ಪುಸ್ತಕ ಸಿಗಬೇಕು ಎನ್ನುವುದು ಎರಡನೆಯದು, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗರು ಸಿಗಬೇಕು ಎನ್ನುವುದು ಮೂರನೆಯದು. 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನಾ ಕೇಂದ್ರವನ್ನು ಕಟ್ಟಿ, ಕೊನೆಯವರೆಗೂ ಅದೇ ಊರಿನಲ್ಲಿದ್ದ ಅವರನ್ನು ನಾವು ನಮ್ಮವರೆಂದೇ ತಿಳಿಯುತ್ತೇವೆ. ಬೀಗ ಹಾಕಿದ ಕಪಾಟುಗಳಿಂದ ಸಿಬ್ಬಂದಿಯೇ ಪುಸ್ತಕ ತೆಗೆದುಕೊಡುವ ಪದ್ಧತಿಯ ಬದಲು, ಓದುಗರು ತಾವೇ ಕಪಾಟುಗಳ ನಡುವೆ ಓಡಾಡಿ ಆರಿಸಿಕೊಳ್ಳಬೇಕೆಂದು ಅವರು ವಾದಿಸಿದ್ದರು. ಕೇಳಿ ಪಡೆಯಬೇಕಾದ ಪುಸ್ತಕವನ್ನು ಕೇಳಲಾರದವರು ಎಂದೂ ಪಡೆಯುವುದಿಲ್ಲ. ನಾವು ಇಲ್ಲಿ ಬರೆಯುವ ಓದಿನ ಪಟ್ಟಿಯೂ ಬೀಗವಿಲ್ಲದ ಕಪಾಟಿನಂಥದ್ದೇ. ಯಾರನ್ನೂ ಏನನ್ನೂ ಕೇಳದೆ, ಲೈಕ್ ಕೂಡ ಒತ್ತದೆ, ಒಬ್ಬರು ಹೆಸರನ್ನು ಗುರುತಿಟ್ಟುಕೊಂಡು ಹೋಗಬಹುದು. ಇ-ಪುಸ್ತಕಗಳು ಬಂದ ಮೇಲೆ ಮುಖಪುಟವನ್ನು ಮನೆಯವರ ಕಣ್ಣಿಗೆ ಬೀಳದಂತೆ ಮರೆಮಾಡುವ ಕಷ್ಟವೂ ತಪ್ಪಿದೆ. ಆದರೆ ಹೆಸರೇ ಗೊತ್ತಿಲ್ಲದ ಪುಸ್ತಕವನ್ನು ಮೊಬೈಲಿನಲ್ಲಾದರೂ ಹುಡುಕುವುದು ಹೇಗೆ? ಹೆಸರನ್ನು ತಲುಪಿಸುವ ಕೆಲಸವನ್ನು ಓದುಗರಾದ ನಾವೇ ಮಾಡಬೇಕು.

ಸಲಿಂಗ ಪ್ರೇಮ, ಟ್ರಾನ್ಸ್‌ಜೆಂಡರ್ ಎಂಬುದೆಲ್ಲ ಪಶ್ಚಿಮದಿಂದ ಬಂದ ಗೀಳು ಎನ್ನುವವರಿಗೆ ಉದ್ದವಾದ ಉತ್ತರ ಬೇಕಿಲ್ಲ. ಹೆಣ್ಣು ಗಂಡೆಂಬ ಹೆಸರುಗಳು ದೇಹದ ಕುರುಹುಗಳಿಗೆ ಸೇರಿದವು, ಒಳಗೆ ಸುಳಿಯುವ ಆತ್ಮ ಎರಡೂ ಅಲ್ಲ ಎಂದು ಜೇಡರ ದಾಸಿಮಯ್ಯನು ರಾಮನಾಥನಿಗೆ ಹೇಳಿ ಎಷ್ಟೋ ಶತಮಾನಗಳಾದವು. ಮಂಜಮ್ಮನವರ ಪುಸ್ತಕದ ಹೆಸರು ಅದೇ ವಚನವನ್ನು ನೆನಪಿಸುತ್ತದೆ. ಎಲ್ಲಮ್ಮನ ಜೋಗತಿಯರನ್ನು ಮನೆಬಾಗಿಲಲ್ಲಿ ಕಂಡು ಬೆಳೆದ ನಮ್ಮ ಉತ್ತರ ಕರ್ನಾಟಕದವರಿಗಂತೂ ಇದು ಹೊರಗಿನಿಂದ ಬಂದ ವಿಷಯವೇ ಅಲ್ಲ. ಉರ್ದುವಿನಲ್ಲಿ ಇಸ್ಮತ್ ಚುಗತಾಯಿ ಅವರು ಹೆಂಗಸರಿಬ್ಬರ ಸಂಬಂಧವನ್ನು ಕುರಿತ ‘ಲಿಹಾಫ್’ ಕಥೆಯನ್ನು ಪ್ರಕಟಿಸಿದ್ದು 1942ರಲ್ಲಿ. ಅಶ್ಲೀಲತೆಯ ಆರೋಪದ ಮೇಲೆ ಲಾಹೋರಿನ ನ್ಯಾಯಾಲಯಕ್ಕೆ ಹೋಗಬೇಕಾಗಿ ಬಂದರೂ ಅವರು ಕ್ಷಮೆ ಕೇಳಲಿಲ್ಲ, ಮೊಕದ್ದಮೆಯೇ ಕೊನೆಗೆ ಬಿದ್ದುಹೋಯಿತು.

ಅದೇ ಕಾಲದ ಇಂಗ್ಲೆಂಡಿನಲ್ಲಿ ಇ.ಎಂ. ಫಾರ್ಸ್ಟರ್ ಅವರ ಕಾದಂಬರಿಯೊಂದು ಮೇಜಿನ ಖಾನೆಯಲ್ಲಿಯೇ ಇತ್ತು. ‘ಮಾರಿಸ್’ ಅನ್ನು ಅವರು 1913ರಲ್ಲಿ ಆರಂಭಿಸಿ 1914ರಲ್ಲಿ ಮುಗಿಸಿ, ಮುಂದೆಂದೋ ಬರಬಹುದಾದ ಹೆಚ್ಚು ಸಂತೋಷದ ವರ್ಷವೊಂದಕ್ಕೆ ಅರ್ಪಿಸಿದ್ದರು. ಇಬ್ಬರು ಗಂಡಸರ ಪ್ರೀತಿ ಸುಖಾಂತವಾಗಲೇಬೇಕು ಎಂಬುದು ಅವರ ಹಟವಾಗಿತ್ತು. ಸಾವಿನಲ್ಲೋ ಶಿಕ್ಷೆಯಲ್ಲೋ ಮುಗಿದಿದ್ದರೆ ಬಹುಶಃ ಮೊದಲೇ ಪ್ರಕಟಿಸಬಹುದಿತ್ತೆಂದು ಅವರಿಗೂ ಗೊತ್ತಿತ್ತು. ಅವರು 1970ರಲ್ಲಿ ತೀರಿಕೊಂಡರು, ಕಾದಂಬರಿ 1971ರಲ್ಲಿ ಹೊರಬಂತು. ಸುಮಾರು ಆರು ದಶಕಗಳ ಕಾಲ ಅದನ್ನು ಓದಿದವರು ಲೇಖಕರ ಆಪ್ತರು ಮಾತ್ರ. ಆ ಅವಧಿಯಲ್ಲಿ ಅದರ ಅಗತ್ಯವಿದ್ದ ಎಷ್ಟು ಮಂದಿ ಅದರ ಹೆಸರನ್ನೂ ಕೇಳದೆ ಬದುಕಿ ಮುಗಿಸಿರಬಹುದು ಎಂದು ಯೋಚಿಸಿದಾಗ ನನಗೆ ಸಂಕಟವಾಗುತ್ತದೆ. ನಮ್ಮ ಪುಸ್ತಕಗಳು ಅಚ್ಚಾಗಿ ಅಂಗಡಿಗೆ ಬಂದಿವೆ. ಹೀಗಿರುವಾಗ ಓದಿದವರು ಹೆಸರನ್ನು ನುಂಗಿಕೊಳ್ಳುವುದಕ್ಕೆ ಸಮರ್ಥನೆಯಿಲ್ಲ.

ಒಂದು ವಿನಂತಿ ಕಮೆಂಟು ಬರೆಯುವವರಿಗೆ. ಯಾರಾದರೂ ಇಂಥ ಪುಸ್ತಕದ ಹೆಸರು ಬರೆದರೆ, ಅವರು ಯಾರು, ಅವರ ಮನೆಯಲ್ಲಿ ಏನು ನಡೆದಿದೆ ಎಂದು ಊಹಿಸಲು ಹೋಗಬೇಡಿ. ಕೊಲೆಯ ಕಾದಂಬರಿ ಓದುತ್ತಿರುವವರನ್ನು ನಾವು ಹಾಗೆ ವಿಚಾರಿಸುವುದಿಲ್ಲ. ಕಣ್ಣು ಮಿಟುಕಿಸುವ ಒಂದು ಇಮೋಜಿ ಸಾಕು, ಬರೆದವರು ಪೋಸ್ಟನ್ನೇ ಅಳಿಸಿಹಾಕುತ್ತಾರೆ, ಅದರೊಂದಿಗೆ ಪುಸ್ತಕದ ಹೆಸರೂ ಅಳಿಸಿಹೋಗುತ್ತದೆ.

ಬರೆಯುವವರು ಅನುವಾದಕರ ಮತ್ತು ಪ್ರಕಾಶಕರ ಹೆಸರನ್ನೂ ಸೇರಿಸಿದರೆ ಹುಡುಕುವವರಿಗೆ ಸುಲಭವಾಗುತ್ತದೆ. ಪುಸ್ತಕ ಇಷ್ಟವಾಗದಿದ್ದರೆ ಅದನ್ನೂ ಕಾರಣ ಸಹಿತ ಬರೆಯಿರಿ. ಶ್ಯಾಮ್ ಸೆಲ್ವದುರೈ ಅವರ ‘ಫನ್ನಿ ಬಾಯ್’ ನನ್ನ ಮೇಜಿನ ಮೇಲೆ ಕಾಯುತ್ತಿದೆ. ಕೊಲಂಬೊದ ತಮಿಳು ಹುಡುಗನೊಬ್ಬನ ಬಾಲ್ಯ ಮತ್ತು ಶ್ರೀಲಂಕಾದಲ್ಲಿ ತಮಿಳರ ವಿರುದ್ಧ ನಡೆದ 1983ರ ಗಲಭೆ ಎರಡೂ ಅದರಲ್ಲಿವೆ, ‘ಕೋಬಾಲ್ಟ್ ಬ್ಲೂ’ ಮುಗಿದ ಕೂಡಲೇ ಅದನ್ನು ಹಿಡಿಯುತ್ತೇನೆ. ನನ್ನ ಪಟ್ಟಿಯಲ್ಲಿ ಹೆಣ್ಣುಮಕ್ಕಳಿಬ್ಬರ ಪ್ರೀತಿಯನ್ನು ಕುರಿತು ಹೆಣ್ಣುಮಕ್ಕಳೇ ಕನ್ನಡದಲ್ಲಿ ಬರೆದ ಕಥೆಗಳು ತೀರ ಕಡಿಮೆ ಇವೆ. ಸಂಕಲನಗಳಲ್ಲಿ, ಹಳೆಯ ವಿಶೇಷಾಂಕಗಳಲ್ಲಿ ಅಂಥ ಕಥೆಗಳನ್ನು ಓದಿದವರು ಇಲ್ಲಿ ಇದ್ದೇ ಇರುತ್ತೀರಿ. ಕಥೆಯ ಹೆಸರು, ಲೇಖಕಿಯ ಹೆಸರು, ನೆನಪಿದ್ದರೆ ವರ್ಷ, ಇಷ್ಟನ್ನು ಕೆಳಗೆ ಬರೆಯುವಿರಾ?