ಜ್ವರ ಬಂದವರಿಗೆಲ್ಲ ಟೈಫಾಯಿಡ್ ಹಂಚುವವರಿಗೆ

ಇದನ್ನು ಬರೆಯದೆ ಇದ್ದರೆ ನನಗೆ ಇವತ್ತು ಊಟ ಸೇರುವುದಿಲ್ಲ. ಉದ್ದ ಆಗುತ್ತೆ, ಮೊದಲೇ ಹೇಳಿದ್ದೇನೆ.

ನಮ್ಮ ಹೊಸನಗರ ಕಡೆಯ ಭಾವನಿಗೆ ವಾರ ದಾಟಿದರೂ ಜ್ವರ ಬಿಟ್ಟಿರಲಿಲ್ಲ. ನಿನ್ನೆ ಶಿವಮೊಗ್ಗಕ್ಕೆ ಕರೆದುಕೊಂಡು ಬಂದರು, ನಾನು ಆಸ್ಪತ್ರೆಯಲ್ಲೇ ಸೇರಿಕೊಂಡೆ. ಅಕ್ಕನ ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರು, ಅದರ ತುಂಬ ರಿಪೋರ್ಟು. ರಕ್ತ, ಮೂತ್ರ, ಸ್ಕ್ಯಾನಿಂಗ್, ಎಲ್ಲ ಇದೆ. ಆದರೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದು ಒಂದಕ್ಕೇ. ಟೈಫಾಯಿಡ್ ಇದೆಯಾ ಅಂತ ನೋಡುವ ವಿಡಾಲ್ ಟೆಸ್ಟು, ಪಾಸಿಟಿವ್. "ಸ್ವಲ್ಪ ಟೈಫಾಯಿಡ್ ಇದೆಯಂತೆ ಕಣೋ" ಅಂದಳು ಅಕ್ಕ. ಅಷ್ಟು ದಿನವೂ ಬೆಳಿಗ್ಗೆ ಸಂಜೆ ಇಂಜೆಕ್ಷನ್, ಡ್ರಿಪ್ಪು, ಗಂಜಿ. ಮೀನು ಇಲ್ಲದೆ ಒಂದು ತುತ್ತೂ ಇಳಿಯದ ಮನುಷ್ಯನಿಗೆ ರವೆ ಗಂಜಿ ಕುಡಿಸಿದ್ದಾರೆ. ಜ್ವರ ಮಾತ್ರ ಸಂಜೆಯಾಗುತ್ತಿದ್ದಂತೆ ಏರುತ್ತಲೇ ಇತ್ತು.

ವಾರ್ಡಿನಲ್ಲಿ ಒಬ್ಬಳು ಪಿಜಿ ಹುಡುಗಿ ಇದ್ದಳು, ಅಂದರೆ ಎಂಡಿ ಓದುತ್ತಿರುವ ಡಾಕ್ಟರು. ರಾತ್ರಿ ಡ್ಯೂಟಿ ಮುಗಿಸಿಯೂ ಮನೆಗೆ ಹೋಗದ ಮುಖ. ಕವರನ್ನು ತೆಗೆದು ನೋಡಲೇ ಇಲ್ಲ ಆಕೆ. ಮೊದಲು ಕೇಳಿದ್ದು, "ಅಂಕಲ್, ಜ್ವರ ಬರೋಕೆ ಮುಂಚೆ ಏನು ಕೆಲಸ ಮಾಡ್ತಿದ್ರಿ?" ಬ್ಯಾಣದಲ್ಲಿ ಹುಲ್ಲು ಕೊಯ್ಯುತ್ತಿದ್ದೆ ಅಂದರು ಭಾವ. "ಶರ್ಟ್ ತೆಗೀರಿ, ಕೈ ಮೇಲೆತ್ತಿ." ಮೊಬೈಲ್ ಟಾರ್ಚ್ ಹಾಕಿ ಕಂಕುಳ ನೋಡಿದಳು. ಎಡಗಡೆ ಏನೂ ಇಲ್ಲ. ಬಲಗಡೆ, ಕೂದಲಿನ ಒಳಗೆ, ಬೀಡಿಯಿಂದ ಸುಟ್ಟ ಹಾಗೆ ಒಂದು ಕಪ್ಪು ಹಕ್ಕಳೆ. ಸುತ್ತ ತೆಳ್ಳಗೆ ಕೆಂಪು. ಭಾವನಿಗೇ ಗೊತ್ತಿಲ್ಲ ಅದು ಯಾವಾಗ ಆಯ್ತು ಅಂತ. ನೋವಿಲ್ಲ, ತುರಿಕೆ ಇಲ್ಲ. ಹಾಗಾಗಿ ಯಾರೂ ಹೇಳುವುದೂ ಇಲ್ಲ, ನೋಡದಿದ್ದರೆ ಸಿಗುವುದೂ ಇಲ್ಲ.

ಸ್ಕ್ರಬ್ ಟೈಫಸ್. ಟೈಫಾಯಿಡ್ ಅಲ್ಲ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ನನಗೆ ಖುಷಿಯೂ ಆಯ್ತು, ಮೈ ಉರಿಯಿತೂ ಕೂಡ. ಆ ಹುಡುಗಿ ಮಾಡಿದ ತಪಾಸಣೆಗೆ ಹಿಡಿದಿದ್ದು ಒಂದೆರಡು ನಿಮಿಷ. ಖರ್ಚು ಸೊನ್ನೆ. ಹಿಂದಿನ ವಾರವಿಡೀ ಅದನ್ನು ಮಾಡೋಕೆ ಒಬ್ಬರಿಗೂ ಪುರುಸೊತ್ತಿರಲಿಲ್ಲ, ಆದರೆ ಅದೇ ಮನುಷ್ಯನ ಹೊಟ್ಟೆಯ ಸ್ಕ್ಯಾನಿಂಗ್‌ಗೆ ಪುರುಸೊತ್ತಿತ್ತು.

ನಾನು ಹಿಂದೆ ಲ್ಯಾಬಿನಲ್ಲಿದ್ದವನು ಅಂತ ನಿಮಗೆಲ್ಲ ಗೊತ್ತು. ತೋಟಕ್ಕೆ ಬಂದ ಮೇಲೆ ಆ ಕೆಲಸದ ಬಗ್ಗೆ ಜಾಸ್ತಿ ಮಾತಾಡಿಲ್ಲ. ಇವತ್ತು ಮಾತಾಡುತ್ತೇನೆ. ವಿಡಾಲ್ ಅಂದರೆ ಏನು ಗೊತ್ತಾ? ಒಂದು ಗಾಜಿನ ಸ್ಲೈಡು. ಅದರ ಮೇಲೆ ನಿಮ್ಮ ರಕ್ತದಿಂದ ಬೇರೆ ಮಾಡಿದ ಸೀರಮ್ಮಿನ ಹನಿಗಳು. ಪುಟ್ಟ ಬಾಟಲಿಯಿಂದ ಒಂದಕ್ಕೆ ನೀಲಿ ದ್ರವ, ಒಂದಕ್ಕೆ ಕೆಂಪು ದ್ರವ. ಕಡ್ಡಿಯಿಂದ ಕಲಸಿ, ಸ್ಲೈಡನ್ನು ಕೈಯಲ್ಲಿ ಹಿಡಿದು ಒಂದು ನಿಮಿಷ ಮೆಲ್ಲಗೆ ಆಡಿಸುವುದು, ಆಮೇಲೆ ಟ್ಯೂಬ್‌ಲೈಟಿಗೆ ಹಿಡಿದು ಮರಳು ಮರಳಾಗಿ ಗಂಟು ಕಟ್ಟಿದೆಯಾ ನೋಡುವುದು. ಕಟ್ಟಿದ್ದರೆ ಪಾಸಿಟಿವ್. ಸ್ವಲ್ಪ ತಡವಾಗಿ ನೋಡಿದಿರೋ, ದ್ರವ ಒಣಗಿಯೇ ಗಂಟು ಕಟ್ಟಿದ ಹಾಗೆ ಕಾಣುತ್ತದೆ. ಹೊರಗೆ ಬೆಂಚಿನ ಮೇಲೆ ಇಪ್ಪತ್ತು ಜನ, ಸಂಜೆ ಆರಕ್ಕೆ ಡಾಕ್ಟರು ರಿಪೋರ್ಟು ಕೇಳುತ್ತಾರೆ. ಉಳಿದದ್ದು ನೀವೇ ಊಹಿಸಿಕೊಳ್ಳಿ.

ಫ್ರಾನ್ಸಿನ ಫರ್ನಾಂಡ್ ವಿಡಾಲ್ ಈ ಪರೀಕ್ಷೆಯನ್ನು ತಂದದ್ದು 1896ರಲ್ಲಿ. ಆ ಕಾಲಕ್ಕೆ ಅದು ದೊಡ್ಡ ವಿಷಯವೇ, ಅವರ ಮೇಲೆ ನನಗೆ ಏನೂ ಸಿಟ್ಟಿಲ್ಲ. ಆದರೆ ಅದು ಹುಡುಕುವುದು ರೋಗಾಣುವನ್ನಲ್ಲ, ರೋಗಾಣುವಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯವನ್ನು. ಹಿಂದೆ ಯಾವಾಗಲೋ ಟೈಫಾಯಿಡ್ ಬಂದಿದ್ದರೂ ಅದು ಇರುತ್ತೆ. ಲಸಿಕೆ ಹಾಕಿಸಿಕೊಂಡಿದ್ದರೂ ಇರಬಹುದು. ಬೇರೆ ಜ್ವರಗಳಲ್ಲೂ ಸುಳ್ಳು ಪಾಸಿಟಿವ್ ಬರುತ್ತೆ. ನಮ್ಮ ದೇಶದಲ್ಲಿ ಗಟ್ಟಿಮುಟ್ಟಾಗಿರುವ ರಕ್ತದಾನಿಗಳನ್ನು ಪರೀಕ್ಷೆ ಮಾಡಿದಾಗಲೂ ಎಷ್ಟೋ ಜನರಲ್ಲಿ ಸಣ್ಣ ಮಟ್ಟದ ವಿಡಾಲ್ ಸಿಕ್ಕಿದೆ. ಇನ್ನೊಂದು ಕಡೆ, ನಿಜವಾದ ಟೈಫಾಯಿಡ್ ಇದ್ದರೂ ಮೊದಲ ವಾರ ಇದು ನೆಗೆಟಿವ್ ಬರಬಹುದು. ಏನಾದರೂ ಅರ್ಥ ಇರಬೇಕಾದರೆ ವಾರ ಹತ್ತು ದಿನ ಬಿಟ್ಟು ಎರಡನೇ ಸಲ ರಕ್ತ ತೆಗೆದು, ಮಟ್ಟ ಏರಿದೆಯಾ ಅಂತ ಹೋಲಿಸಿ ನೋಡಬೇಕು. ನಮ್ಮಲ್ಲಿ ಯಾರು ಹಾಗೆ ಮಾಡುತ್ತಾರೆ? ಎರಡನೇ ಸಲ ಮಾಡಿಸುವುದು ತಿಂಗಳ ಮೇಲೆ, ಆಗಲೂ ಪಾಸಿಟಿವ್ ಬರುತ್ತೆ, "ಟೈಫಾಯಿಡ್ ಪೂರ್ತಿ ಹೋಗಿಲ್ಲ, ಮತ್ತೆ ಕೋರ್ಸ್ ಮಾಡಿ" ಅಂತ ಇನ್ನೊಂದು ಸುತ್ತು ಇಂಜೆಕ್ಷನ್. ಹೋಗಿಲ್ಲದ್ದು ಪ್ರತಿಕಾಯ ಮಾರಾಯ್ರೇ, ರೋಗ ಅಲ್ಲ! ಅದು ತಿಂಗಳುಗಟ್ಟಲೆ ಇರುತ್ತೆ.

ನಮ್ಮೂರಲ್ಲಿ ವರ್ಷ ವರ್ಷ "ಟೈಫಾಯಿಡ್ ಮರುಕಳಿಸುವ" ಜನ ಎಷ್ಟಿದ್ದಾರೆ ನೋಡಿ. ನಿಮ್ಮ ಮನೆಯಲ್ಲೂ ಒಬ್ಬರು ಇರುತ್ತಾರೆ.

ಸ್ಕ್ರಬ್ ಟೈಫಸ್ ಹರಡುವುದು ಹುಲ್ಲು, ಪೊದೆ, ದರಗಿನಲ್ಲಿರುವ ಒಂದು ಜಾತಿಯ ಹುಳುವಿನ ಮರಿ ಕಚ್ಚಿ. ಬರಿಗಣ್ಣಿಗೆ ಕಾಣುವುದೇ ಕಷ್ಟ. ಅದು ಹುಡುಕಿಕೊಂಡು ಹೋಗುವುದು ಕಂಕುಳು, ತೊಡೆಸಂದು, ಪಂಚೆ ಕಟ್ಟುವ ಸೊಂಟ, ಹೆಂಗಸರಲ್ಲಿ ಎದೆಯ ಕೆಳಗೆ. ಎಲ್ಲರಿಗೂ ಆ ಕಪ್ಪು ಕಲೆ ಇರುವುದಿಲ್ಲ, ಒಪ್ಪಿದೆ. ಇದ್ದವರಲ್ಲಿ ನೋಡಿದರೆ ರೋಗ ಅಲ್ಲೇ ಬರೆದಿಟ್ಟ ಹಾಗೆ. ಮತ್ತೆ ಭಾವನಿಗೆ ಕೊಡುತ್ತಿದ್ದ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಇದೆಯಲ್ಲ, ಟೈಫಾಯಿಡ್‌ಗೆ ಅದು ಒಳ್ಳೆಯದೇ. ಆದರೆ ಸ್ಕ್ರಬ್ ಟೈಫಸ್‌ನ ರೋಗಾಣು ನಮ್ಮ ಜೀವಕೋಶದ ಒಳಗೆ ಕೂತಿರುತ್ತೆ, ಅದಕ್ಕೆ ಆ ಔಷಧಿ ತಾಗುವುದೇ ಇಲ್ಲ. ಬೇಕಾದದ್ದು ಡಾಕ್ಸಿಸೈಕ್ಲಿನ್ ಅಥವಾ ಅಜಿತ್ರೋಮೈಸಿನ್. ಸಾಮಾನ್ಯವಾಗಿ ಎರಡು ದಿನದೊಳಗೆ ಜ್ವರ ಇಳಿಯುತ್ತದೆ. ತಡವಾದರೆ ಶ್ವಾಸಕೋಶ, ಕಿಡ್ನಿ, ಮಿದುಳು ಯಾವುದನ್ನೂ ಬಿಡುವುದಿಲ್ಲ, ಜೀವವೂ ಹೋಗುತ್ತೆ. (ಇದನ್ನು ಓದಿ ಅಂಗಡಿಯಿಂದ ಡಾಕ್ಸಿ ತಂದು ನುಂಗಬೇಡಿ. ಹಾಗೆ ಮಾಡುವವರು ಯಾರು ಅಂತಲೂ ನನಗೆ ಗೊತ್ತಿದೆ.)

ನನ್ನ ಸಿಟ್ಟು ಇಲ್ಲೇ. ಇದೆಲ್ಲ ಹೊಸ ವಿಷಯ ಅಲ್ಲ. ಆಸ್ಪತ್ರೆಗಳಲ್ಲಿ ನಮ್ಮಂಥ ರೋಗಿಗಳ ಮೇಲೇ ಅಧ್ಯಯನ ಮಾಡಿ, ನಮ್ಮದೇ ರಕ್ತ ತೆಗೆದು, ಉತ್ತರ ಹುಡುಕಿ ಆಗಿದೆ. ವೆಲ್ಲೂರಿನ ಸಿಎಂಸಿ (ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು) ಆಸ್ಪತ್ರೆಯವರ ನೇತೃತ್ವದಲ್ಲಿ ದೇಶದ ಬೇರೆ ಬೇರೆ ಆಸ್ಪತ್ರೆಗಳು ಸೇರಿ ತೀವ್ರ ಸ್ಕ್ರಬ್ ಟೈಫಸ್‌ನ 794 ರೋಗಿಗಳ ಮೇಲೆ ಮಾಡಿದ ಅಧ್ಯಯನ 2023ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಕೆಲವರಿಗೆ ಡಾಕ್ಸಿ ಮಾತ್ರ, ಕೆಲವರಿಗೆ ಅಜಿತ್ರೋ ಮಾತ್ರ, ಕೆಲವರಿಗೆ ಎರಡೂ, ರಕ್ತನಾಳದ ಮೂಲಕ. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಸಾವು, ಬಿಡದ ಜ್ವರ, ವಾಸಿಯಾಗದ ತೊಡಕು, ಇವೆಲ್ಲ ಸೇರಿಸಿ ಲೆಕ್ಕ ಹಾಕಿದರೆ ಒಂದೇ ಔಷಧಿ ಪಡೆದವರಲ್ಲಿ ಶೇ. 47, 48, ಎರಡೂ ಪಡೆದವರಲ್ಲಿ ಶೇ. 33. ಸಾವನ್ನಷ್ಟೇ ಬೇರೆಯಾಗಿ ನೋಡಿದರೆ ದೊಡ್ಡ ವ್ಯತ್ಯಾಸ ಸಿಗಲಿಲ್ಲ, ಅದನ್ನೂ ಮುಚ್ಚಿಡದೆ ಬರೆದಿದ್ದಾರೆ. ಇಷ್ಟು ಕಷ್ಟಪಟ್ಟು ಯಾವ ಔಷಧಿ ಅಂತ ಅವರು ತೀರ್ಮಾನ ಮಾಡಿದ್ದಾರೆ. ನಮ್ಮಲ್ಲಿ ಇನ್ನೂ ಶರ್ಟ್ ತೆಗೆಸುವ ಹಂತಕ್ಕೇ ಬಂದಿಲ್ಲ.

ಅದೂ ಯಾವ ಜಿಲ್ಲೆಯಲ್ಲಿ? ಜಗತ್ತಿಗೆ ಒಂದು ಹೊಸ ಜ್ವರವನ್ನೇ ತೋರಿಸಿಕೊಟ್ಟ ಜಿಲ್ಲೆಯಲ್ಲಿ! 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಜನರಿಗೂ ಜ್ವರ. ಹಳದಿ ಜ್ವರ ನಮ್ಮ ದೇಶಕ್ಕೆ ಬಂತೇನೋ ಅನ್ನುವ ಅನುಮಾನ ಬಂದಿತ್ತು. ಆಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಬಂದವರು "ಇದು ಅದೇ ಇರಬೇಕು" ಅಂತ ಚೀಟಿ ಬರೆದುಕೊಟ್ಟು ಹೋಗಲಿಲ್ಲ. ಕಾಡಿಗೆ ಇಳಿದರು. ಸತ್ತ ಮಂಗ, ಉಣುಗು, ರೋಗಿಯ ರಕ್ತ, ಎಲ್ಲ ಪರೀಕ್ಷಿಸಿ ಬೇರೆಯದೇ ವೈರಸ್ ಅಂತ ತೋರಿಸಿದರು. ಯಾರು ಕಾಡಿಗೆ ಹೋಗಿದ್ದರು, ಯಾವಾಗ, ಏನು ಮಾಡುತ್ತಿದ್ದರು ಅಂತ ಕೇಳಿದ್ದರಿಂದಲೇ ಮಂಗನ ಕಾಯಿಲೆ ಸಿಕ್ಕಿದ್ದು. ಆ ಪ್ರಶ್ನೆಯನ್ನೇ ಭಾವನಿಗೆ ವಾರವಿಡೀ ಯಾರೂ ಕೇಳಿರಲಿಲ್ಲ.

ಮಂಗನ ಕಾಯಿಲೆಯ ಲಸಿಕೆಯ ಕಥೆಯೂ ಅಷ್ಟೇ. ವರ್ಷಗಟ್ಟಲೆ ಚುಚ್ಚಿದರು. 2005ರಿಂದ 2010ರವರೆಗಿನ ಲೆಕ್ಕ ತೆಗೆದು ನೋಡಿದಾಗ ಎರಡು ಡೋಸ್‌ಗೆ ಸುಮಾರು ಶೇ. 62, ಬೂಸ್ಟರ್ ಸೇರಿದರೆ ಶೇ. 83 ರಕ್ಷಣೆ ಅಂತ ಗೊತ್ತಾಯ್ತು. ಆಮೇಲಿನ ವರ್ಷಗಳಲ್ಲಿ ಅಷ್ಟೂ ಕೆಲಸ ಮಾಡುತ್ತಿಲ್ಲ ಅಂತ ಕಂಡಿತು, 2022ರಲ್ಲಿ ಕೈಬಿಟ್ಟರು. ಈಗ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೊಸ ಲಸಿಕೆಯ ಹಿಂದೆ ಬಿದ್ದಿದೆ. ಲೆಕ್ಕ ಇಟ್ಟಿದ್ದಕ್ಕೆ ತಾನೇ ಹಳೆಯದು ಸಾಲದು ಅಂತ ಗೊತ್ತಾಗಿದ್ದು? ಲೆಕ್ಕ ಇಡದೆ ಇದ್ದಿದ್ದರೆ ಇವತ್ತಿಗೂ ಅದನ್ನೇ ಚುಚ್ಚಿಸಿಕೊಂಡು ನೆಮ್ಮದಿಯಿಂದ ಸೊಪ್ಪಿಗೆ ಹೋಗುತ್ತಿದ್ದೆವು.

ಈಗ ನನ್ನ ಡಾಕ್ಟರ್ ಗೆಳೆಯರು ಕೆಳಗೆ ಬಂದು ಹೇಳುತ್ತಾರೆ, ನಿನ್ನೆ ಫೋನಿನಲ್ಲೇ ಒಬ್ಬ ಹೇಳಿದ. "ಮಾರಾಯ, ದಿನಕ್ಕೆ ನೂರು ಜನ ಬರ್ತಾರೆ. ಬ್ಲಡ್ ಕಲ್ಚರ್ (ರಕ್ತದಲ್ಲಿರೋ ರೋಗಾಣು ಬೆಳೆಸಿ ನೋಡೋ ಟೆಸ್ಟು) ರಿಪೋರ್ಟ್ ಬರೋಕೆ ದಿನಗಟ್ಟಲೆ ಹಿಡಿಯುತ್ತೆ, ಅಷ್ಟರಲ್ಲಿ ರೋಗಿ ಬೇರೆಯವರ ಹತ್ರ ಹೋಗಿರ್ತಾನೆ. ಮೊದಲೇ ಎಲ್ಲೋ ಆಂಟಿಬಯಾಟಿಕ್ ತಿಂದು ಬಂದಿರ್ತಾನೆ, ಕಲ್ಚರಲ್ಲೂ ಏನೂ ಬೆಳೆಯಲ್ಲ. ವಿಡಾಲ್ ಆದ್ರೆ ಅಗ್ಗ, ಸಂಜೆಗೆ ಕೈಗೆ ಬರುತ್ತೆ. ಜನಕ್ಕೂ ಏನಾದರೂ ಒಂದು ಹೆಸರು ಬೇಕು." ಒಂದೊಂದೂ ನಿಜ. ನಿಜ ಅಂತ ಒಪ್ಪಿಕೊಂಡು ಮುಂದೆ ಕೇಳುತ್ತೇನೆ: ಕಂಕುಳ ನೋಡೋಕೆ ಯಾವ ಕಲ್ಚರ್ ಬೇಕಪ್ಪ? ಗದ್ದೆಗೆ ಇಳಿದಿದ್ದೆಯಾ, ಬ್ಯಾಣಕ್ಕೆ ಹೋಗಿದ್ದೆಯಾ ಅಂತ ಕೇಳೋಕೆ ಯಾವ ಮೆಷಿನ್ ಬೇಕು? ಮಳೆಗಾಲದಲ್ಲಿ ಗದ್ದೆ ಕೆಸರಿನವರಿಗೆ ಇಲಿ ಜ್ವರ, ಮಳೆ ಬಿಟ್ಟ ಮೇಲೆ ಹುಲ್ಲಿನವರಿಗೆ ಸ್ಕ್ರಬ್ ಟೈಫಸ್, ಡಿಸೆಂಬರಿನಿಂದ ಮೇವರೆಗೆ ಕಾಡಿಗೆ ಹೋದವರಿಗೆ ಮಂಗನ ಕಾಯಿಲೆ, ಇಷ್ಟು ತಲೆಯಲ್ಲಿಟ್ಟುಕೊಂಡರೆ ಅನುಮಾನ ಪಡಲು ಸಾಕು. ಅಗ್ಗದ ತಪ್ಪು ಉತ್ತರ ಅಗ್ಗ ಹೇಗಾಗುತ್ತೆ? ಭಾವನ ವಾರದ ಬಿಲ್ಲು ನನ್ನ ಹತ್ತಿರ ಇದೆ, ಬೇಕಾದರೆ ಕಳಿಸುತ್ತೇನೆ.

ಇನ್ನೊಂದು ತಮಾಷೆ ಕೇಳಿ. ಆ ಹುಡುಗಿ ಜ್ವರದ ರೋಗಿಗಳ ಮೇಲೆ ಥೀಸಿಸ್ ಮಾಡುತ್ತಿದ್ದಾಳಂತೆ. ಎಂಡಿ ಓದುವವರು ಒಂದು ಪ್ರಬಂಧ ಬರೆಯಲೇಬೇಕು. ಭಾವನನ್ನೂ ಸೇರಿಸಿಕೊಳ್ಳಬಹುದಾ ಅಂತ ಕನ್ನಡದ ಒಪ್ಪಿಗೆ ಪತ್ರ ತಂದಳು, ಬೇಡ ಅಂದರೂ ಚಿಕಿತ್ಸೆ ಇದೇ ಥರ ಇರುತ್ತೆ, ಯಾವಾಗ ಬೇಕಾದರೂ ಹೊರಗೆ ಬರಬಹುದು ಅಂತ ಓದಿ ಹೇಳಿದಳು. ಅಳಿಯ ಹಾರಿಬಿದ್ದ. "ಮಾವ, ಅಪ್ಪಯ್ಯನ ಮೇಲೆ ಪ್ರಯೋಗ ಮಾಡ್ತಾರೆ, ಸೈನ್ ಹಾಕೋದು ಬೇಡ." ನನಗೆ ನಗು ತಡೆಯಲಾಗಲಿಲ್ಲ. ಅಲ್ಲ ಮಾರಾಯ, ಹೋದ ವಾರ ನಿಮ್ಮಪ್ಪನ ಮೇಲೆ ನಡೆದದ್ದು ಏನು ಮತ್ತೆ? ಯಾವ ರೋಗ ಅಂತ ಗೊತ್ತಿಲ್ಲದೆ ಔಷಧಿ ಕೊಟ್ಟು ಏನಾಗುತ್ತೆ ನೋಡಿದ್ದು ಪ್ರಯೋಗವೇ. ಒಪ್ಪಿಗೆ ಕೇಳಲಿಲ್ಲ, ಎಥಿಕ್ಸ್ ಸಮಿತಿ ಇರಲಿಲ್ಲ, ಏನಾಯ್ತು ಅಂತ ಯಾರೂ ಬರೆದಿಡಲೂ ಇಲ್ಲ. ಈ ಹುಡುಗಿ ಕನಿಷ್ಠ ಬರೆದಿಡುತ್ತಾಳೆ. ಭಾವ ನಮ್ಮಿಬ್ಬರ ಜಗಳ ಮುಗಿಯುವವರೆಗೆ ಕಾಯದೆ ಸೈನ್ ಹಾಕಿ "ಇವತ್ತಾದರೂ ಗಂಜಿ ತಪ್ಪುತ್ತಾ ಕೇಳು" ಅಂದರು.

ಒಂದು ಮಾತು ಹೇಳಿಬಿಡುತ್ತೇನೆ. ಆ ಹುಡುಗಿ ಟಾರ್ಚ್ ಹಿಡಿದು ನಿಂತಿದ್ದನ್ನು ನೋಡಿ ನನಗೆ ಹೊಟ್ಟೆಕಿಚ್ಚು ಬಂತು. ಪಿಯುಸಿ ಆದಾಗ ನನಗೂ ಮೆಡಿಕಲ್ ಅಂತಲೇ ಆಸೆ ಇತ್ತು, ಮಾರ್ಕು ಸಾಲಲಿಲ್ಲ, ಮನೆಯಲ್ಲಿ ದುಡ್ಡೂ ಇರಲಿಲ್ಲ, ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಸೇರಿದೆ. ಈ ಬರಹದಲ್ಲಿ ಖಾರ ಜಾಸ್ತಿ ಆಗಿದ್ದರೆ ಅದರಲ್ಲಿ ಸ್ವಲ್ಪ ಆ ಹಳೆಯ ಹೊಟ್ಟೆಯುರಿ ಅಂತ ಇಟ್ಟುಕೊಳ್ಳಿ. ವಿಷಯ ಸುಳ್ಳಾಗುವುದಿಲ್ಲ.

ಆ ಥೀಸಿಸ್ ಮುಗಿದ ಮೇಲೆ ಏನಾಗುತ್ತೆ ಹೇಳಿ? ಗಟ್ಟಿ ರಟ್ಟು ಹಾಕಿ, ಬಂಗಾರದ ಅಕ್ಷರದಲ್ಲಿ ಹೆಸರು ಹೊಡೆಸಿ, ಯೂನಿವರ್ಸಿಟಿಗೆ ಒಂದು ಪ್ರತಿ, ಲೈಬ್ರರಿಯ ಗಾಜಿನ ಬೀರುವಿಗೆ ಒಂದು ಪ್ರತಿ. ಬೀರುವಿಗೆ ಬೀಗ. ನಮ್ಮ ಭಾವನ ರಕ್ತದ ಲೆಕ್ಕ ಅದರೊಳಗೆ ಕೂತಿರುತ್ತೆ, ಅತ್ತ ಊರಿನ ಕ್ಲಿನಿಕ್ಕಿನಲ್ಲಿ ಇನ್ಯಾರದೋ ಭಾವನಿಗೆ ನೀಲಿ ಹನಿ ಕೆಂಪು ಹನಿ ಕಲಸುತ್ತಿರುತ್ತಾರೆ.

ಹಾಗಾಗಿ ನನ್ನ ಲಿಸ್ಟಿನಲ್ಲಿರುವ ಪಿಜಿಗಳು, ಪ್ರೊಫೆಸರುಗಳು ದಯವಿಟ್ಟು ಕೇಳಿ. ಇಡೀ ಥೀಸಿಸ್ ಬೇಡ. ನಮ್ಮ ಜಿಲ್ಲೆಯ ಜ್ವರಗಳಲ್ಲಿ ಯಾವ ತಿಂಗಳಲ್ಲಿ ಏನು ಕಂಡಿರಿ, ಏನು ಕೇಳಬೇಕು, ಮೈಮೇಲೆ ಎಲ್ಲಿ ನೋಡಬೇಕು, ಯಾವ ಟೆಸ್ಟು ಯಾವ ದಿನ ಮಾಡಿಸಿದರೆ ಅರ್ಥ ಇದೆ, ಇಷ್ಟು ಒಂದೇ ಹಾಳೆಯಲ್ಲಿ ಬರೆದುಕೊಡಿ. ಜೆರಾಕ್ಸ್ ಖರ್ಚು ನನ್ನದು. ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿಯ ಕ್ಲಿನಿಕ್ಕುಗಳಿಗೆ, ಲ್ಯಾಬುಗಳಿಗೆ ಬೈಕಿನಲ್ಲಿ ಹೋಗಿ ನಾನೇ ಕೊಟ್ಟು ಬರುತ್ತೇನೆ, ಬೈಸಿಕೊಂಡರೂ ಪರವಾಗಿಲ್ಲ. ಆಗುಂಬೆ ಕಡೆ ಮಾತ್ರ ಬೇರೆ ಯಾರಾದರೂ ನೋಡಿಕೊಳ್ಳಿ, ಆ ಮಂಜಿನಲ್ಲಿ ನನಗೆ ಬೈಕ್ ಓಡಿಸೋಕೆ ಆಗಲ್ಲ.