ಸಿಪ್ಪೆಗೆ ಬೆಂಕಿ ಹಾಕೋ ಮುಂಚೆ

ಅಡಿಕೆ ಸುಲಿದು ಮುಗಿಯುವ ಹೊತ್ತಿಗೆ ಶಿರಸಿ ಸೀಮೆಯಲ್ಲಿ ಸಂಜೆ ಸುಮ್ನೆ ಒಂದು ಸುತ್ತು ಹೋಗಿ ಬನ್ನಿ. ಎಷ್ಟೋ ಮನೆಗಳ ಹಿತ್ತಲಲ್ಲಿ ಸಿಪ್ಪೆ ರಾಶಿ ಹೊಗೆಯಾಡುತ್ತಿರುತ್ತದೆ. ಯಾಕೆ ಅಂತ ಕೇಳಿದರೆ, "ಸುಟ್ರೆ ಬೂದಿನಾದ್ರೂ ಸಿಕ್ತು ಮಾರಾಯಾ" ಅನ್ನುತ್ತಾರೆ. ಬೂದಿಯಲ್ಲಿ ಪೊಟ್ಯಾಷ್ ಇದೆ, ಸುಳ್ಳಲ್ಲ. ಆದರೆ ಇಂಗಾಲ, ಸಾರಜನಕ ಹೆಚ್ಚುಕಮ್ಮಿ ಪೂರ್ತಿ ಗಾಳಿಗೆ ಹೋಯಿತಲ್ಲ?

ಈಗ ಎಲ್ಲಿ ಹೋದರೂ ಕಾರ್ಬನ್ ಕ್ರೆಡಿಟ್ ಮಾತು. ಮಣ್ಣಲ್ಲಿ ಇಂಗಾಲ ಕೂಡಿಟ್ಟರೆ ದುಡ್ಡು ಬರುತ್ತದಂತೆ. 1 ಕಿಲೋ ಇಂಗಾಲ ಮಣ್ಣಲ್ಲಿ ಉಳಿದರೆ ಗಾಳಿಯಲ್ಲಿ ಸುಮಾರು 3.67 ಕಿಲೋ ಕಾರ್ಬನ್ ಡೈಆಕ್ಸೈಡ್ ತಪ್ಪಿತು ಅಂತ ಲೆಕ್ಕ. 2015ರ ಪ್ಯಾರಿಸ್ ಹವಾಮಾನ ಸಮ್ಮೇಳನದಲ್ಲಿ ಫ್ರಾನ್ಸ್ 'ಸಾವಿರಕ್ಕೆ ನಾಲ್ಕು' ಅಂತ ಶುರು ಮಾಡಿದ್ದೂ ಇದೇ, ಮಣ್ಣಿನ ಇಂಗಾಲವನ್ನು ವರ್ಷಕ್ಕೆ 0.4% ಏರಿಸೋಣ ಅಂತ.

ಒಳ್ಳೆಯದೇ. ಆದರೆ ನಮ್ಮ ತೋಟದ ಮಣ್ಣಿನ ಇಂಗಾಲ ಬಹುಪಾಲು ಬೆಟ್ಟದಿಂದ, ಅಂದರೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡಿನಿಂದ, ಬಂದದ್ದು. ಬ್ರಿಟಿಷರ ಕಾಲದಿಂದಲೂ ಉತ್ತರ ಕನ್ನಡ ಜಿಲ್ಲೆಯಲ್ಲಿ ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟದ ಸೌಲಭ್ಯ ಇದೆ. ಸೊಪ್ಪು ಕಡಿದು ಕೊಟ್ಟಿಗೆಗೆ ಹಾಸಿದೆವು, ದರಕು (ಉದುರಿದ ಒಣ ಎಲೆ) ಗುಡಿಸಿ ತಂದೆವು, ಗೊಬ್ಬರ ಮಾಡಿ ತೋಟಕ್ಕೆ ಹೊತ್ತೆವು. ಸೊಸೈಟಿಯಲ್ಲಿ ಒಂದು ಖಾತೆಯಿಂದ ತೆಗೆದು ಇನ್ನೊಂದಕ್ಕೆ ಕಟ್ಟಿದ ಹಾಗೆ. ಒಟ್ಟು ಮೊತ್ತ ಎಲ್ಲಿ ಜಾಸ್ತಿ ಆಯಿತು? ಬೆಟ್ಟ ಬೋಳಾದ ಕಡೆ ಕಡಿಮೆಯೇ ಆಗಿದೆ. ತೋಟವನ್ನಷ್ಟೇ ಅಳೆದು ಕ್ರೆಡಿಟ್ ಕೊಡುತ್ತೇವೆ ಅಂದರೆ ನನಗಂತೂ ನಂಬಿಕೆ ಇಲ್ಲ.

ಸಿಪ್ಪೆ, ಸೋಗೆ, ಹಾಳೆಯ ಕತೆ ಬೇರೆ. ಅದು ಅಡಿಕೆ ಮರ ತಾನೇ ಗಾಳಿಯಿಂದ ಹೀರಿದ ಇಂಗಾಲ. ನಾವು ಸುಡುವುದು ಅದನ್ನೇ! ಸಿಪ್ಪೆ ಬೇಗ ಕೊಳೆಯುವುದಿಲ್ಲ, ಒಪ್ಪಿದೆ. ಸಗಣಿ, ಹಸಿ ಸೊಪ್ಪು ಪದರ ಪದರವಾಗಿ ಸೇರಿಸಿ ಮಳೆಗಾಲ ಪೂರ್ತಿ ಬಿಡಬೇಕು. ತೊಂದರೆ ಇರುವುದು ಸಗಣಿಗೆ. ಕೊಟ್ಟಿಗೆಗಳೆಲ್ಲ ಈಗ ಬೈಕ್ ನಿಲ್ಲಿಸುವ ಜಾಗ.

ನನಗೆ ಕ್ರೆಡಿಟ್‌ಗಿಂತ ಬೇಸಿಗೆಯ ನೀರಿನ ಚಿಂತೆ ದೊಡ್ಡದು. ಏಪ್ರಿಲ್‌ನಲ್ಲಿ ಮುಚ್ಚಿಗೆ ಮಾಡಿದ, ಅಂದರೆ ಸೋಗೆ ಹಾಸಿ ಮಣ್ಣು ಮುಚ್ಚಿದ, ಮರದ ಬುಡದಲ್ಲಿ ಸೋಗೆ ಸರಿಸಿ ನೋಡಿ. ಬೂಷ್ಟಿನ ಬಿಳಿ ಎಳೆ, ಎರೆಹುಳದ ಹಿಕ್ಕೆ, ಕೈಗೆ ಹತ್ತುವ ತಂಪು. ಕಳೆನಾಶಕ ಹೊಡೆದು ಬೋಳು ಬಿಟ್ಟ ಸಾಲಲ್ಲಿ ಬೆರಳೂ ಇಳಿಯುವುದಿಲ್ಲ. ಪಂಪು ಕೈಕೊಟ್ಟು ನೀರು ಒಂದೆರಡು ದಿನ ತಡವಾದರೆ ಮೊದಲು ಬಾಡುವುದು ಯಾವ ಸಾಲಿನ ಸಸಿ ಅಂತ ಹೇಳಬೇಕಾ?

ಮನೆಯಲ್ಲಿ ಮಣ್ಣು ಪರೀಕ್ಷೆಯ ಫಲಿತಾಂಶ ಬರೆದ ಸಾಯಿಲ್ ಹೆಲ್ತ್ ಕಾರ್ಡ್ ಬಿದ್ದಿದ್ದರೆ ತೆಗೆದು ನೋಡಿ. ಸಾವಯವ ಇಂಗಾಲದ ಸಾಲು ಇದೆ. 0.5%ಗಿಂತ ಕೆಳಗೆ ಇದ್ದರೆ ಕಡಿಮೆ, 0.75% ದಾಟಿದರೆ ಹೆಚ್ಚು. ಮುಂದಿನ ಸಲ ಮಣ್ಣು ಕೊಡುವಾಗ ಬೆಟ್ಟದ್ದೂ ಒಂದು ಪೊಟ್ಟಣ ಬೇರೆ ಕಟ್ಟಿ, ಹೆಸರು ಬರೆದು ಕೊಡಿ.