ಎರಡನೇ ಕೃಷ್ಣನಿಗೆ ನೆನಪಿರಬೇಕು

2025ರ ಡಿಸೆಂಬರ್ 19ರಂದು ಜೇಮ್ಸ್ ಕ್ಯಾಮರೂನ್ ನಿರ್ದೇಶನದ ಸರಣಿಯ ಮೂರನೆಯ ಚಿತ್ರ 'ಅವತಾರ್: ಫೈರ್ ಆ್ಯಂಡ್ ಆ್ಯಶ್' ಬಿಡುಗಡೆಯಾಯಿತು. ಆ ಭಾನುವಾರವೇ ಪುಣೆಯ ನಮ್ಮ ಕಚೇರಿಯ ಎಂಟು ಜನ ಒಟ್ಟಿಗೆ ಹೋಗಿ ನೋಡಿದೆವು. ಚಿತ್ರದ ಅವಧಿ 3 ಗಂಟೆ 17 ನಿಮಿಷ. ಹೊರಗೆ ಬಂದು ಗಾಡಿ ನಿಲ್ಲಿಸಿದ ಜಾಗ ಮುಟ್ಟುವಷ್ಟರಲ್ಲಿ ತೀರ್ಪು ಸಿದ್ಧವಾಗಿತ್ತು. 2009ರ ಮೊದಲ ಚಿತ್ರಕ್ಕೆ ಹತ್ತರಲ್ಲಿ ಒಂಬತ್ತು, 2022ರ ಎರಡನೆಯದಕ್ಕೆ ಏಳೂವರೆ, ಇದಕ್ಕೆ ಆರು. ಸೋಮವಾರ ಊಟದ ಹೊತ್ತಿಗೆ ಮೊದಲ ಮೂರು ದಿನದ ಗಳಿಕೆಯ ಲೆಕ್ಕವೂ ಸೇರಿಕೊಂಡಿತು. "ಕಥೆ ಅದೇ, ಹೊಸದೇನೂ ಇಲ್ಲ" ಎಂದು ಎಲ್ಲರೂ ಒಪ್ಪಿದರು. ನಾನು ಒಪ್ಪಲಿಲ್ಲ. ಆದರೆ ಏಕೆ ಒಪ್ಪುವುದಿಲ್ಲ ಎಂದು ಅವರಿಗೆ ಹೇಳಲು ಆ ದಿನ ಮಾತು ಸಿಗಲಿಲ್ಲ. ಅದು ಸಿಕ್ಕಿದ್ದು ಜನವರಿ ಕೊನೆಯಲ್ಲಿ, ಚನ್ನರಾಯಪಟ್ಟಣ ತಾಲ್ಲೂಕಿನ ನಮ್ಮ ಊರಿಗೆ ಹೋದಾಗ.

ರಾಗಿ ಒಕ್ಕಣೆ ಮುಗಿದ ಮೇಲೆ ನಮ್ಮ ಹಾಸನದ ಕಡೆ ಪೌರಾಣಿಕ ನಾಟಕಗಳ ಕಾಲ. ಹೆಚ್ಚಿನ ಊರುಗಳಲ್ಲಿ 'ಕುರುಕ್ಷೇತ್ರ'ವೇ. ಪಾತ್ರ ಮಾಡುವವರು ಊರಿನವರು, ಪಾತ್ರಕ್ಕೆ ಇಷ್ಟು ಎಂದು ಕೈಯಿಂದ ಹಣ ಕಟ್ಟಿ ಬಣ್ಣ ಹಚ್ಚುವವರು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ರಾತ್ರಿ ಬಂದು ಕಲಿಸುತ್ತಾರೆ. ಸೀನರಿ ಬಾಡಿಗೆಗೆ ಬರುತ್ತದೆ, ದ್ರೌಪದಿಯ ಪಾತ್ರಕ್ಕೆ ಪಟ್ಟಣದಿಂದ ಕಲಾವಿದೆ ಬರುತ್ತಾರೆ. ಕೃಷ್ಣನ ಪಾತ್ರ ದೊಡ್ಡದು, ಆಸೆಪಡುವವರೂ ಹಲವರು. ಹಾಗಾಗಿ ಅದನ್ನು ಹಂಚುತ್ತಾರೆ. ಕರಪತ್ರದಲ್ಲಿ ಒಂದನೇ ಕೃಷ್ಣ, ಎರಡನೇ ಕೃಷ್ಣ ಎಂದೇ ಅಚ್ಚಾಗಿರುತ್ತದೆ. ಹೊರಗಿನವರಿಗೆ ಇದನ್ನು ವಿವರಿಸುವುದು ಕಷ್ಟ. ಕಥೆಯ ನಡುವೆ ಕೃಷ್ಣನ ಮುಖ ಬದಲಾಗುತ್ತದೆ, ಎತ್ತರ ಬದಲಾಗುತ್ತದೆ, ದನಿ ಬದಲಾಗುತ್ತದೆ. ನೋಡುವವರು ಯಾರೂ ಅದನ್ನು ತಪ್ಪೆಂದುಕೊಳ್ಳುವುದಿಲ್ಲ.

ಈ ವರ್ಷ ಒಂದನೇ ಕೃಷ್ಣ ಇಪ್ಪತ್ತೈದರ ಹುಡುಗ. ಅವನ ಕಂಠಕ್ಕೆ 'ಒನ್ಸ್ ಮೋರ್' ಕೂಗು ಎರಡು ಸಲ ಬಿತ್ತು. ಅವನು ಒಳಗೆ ಹೋಗಿ, ಸಂಧಾನದ ಭಾಗಕ್ಕೆ ಎರಡನೇ ಕೃಷ್ಣ ಬಂದಾಗ ರಾತ್ರಿ ಒಂದು ಗಂಟೆ ದಾಟಿತ್ತು. ಅರವತ್ತರ ಮೇಲಿನ ವಯಸ್ಸು, ಮೇಲಿನ ಸ್ವರ ಮುಟ್ಟದ ಗಂಟಲು. ಪಾಂಡವರಿಂದ ಬೀಳ್ಕೊಂಡು ಹೊರಡುವಾಗ ಅವರು ಹಾಡಿಗೆ ಮೊದಲು ತಿರುಗಿ, ದ್ರೌಪದಿಯ ಬಿಚ್ಚಿದ ಮುಡಿಯ ಕಡೆ ನೋಡಿದರು. ಹಾರ್ಮೋನಿಯಂ ಎತ್ತಿಕೊಟ್ಟ ಶ್ರುತಿ ಹಾಗೇ ನಿಂತಿತ್ತು. ಒಂದೆರಡು ಉಸಿರಿನಷ್ಟು ಹೊತ್ತು ಅಷ್ಟೇ. ಚಪ್ಪರದ ಕೆಳಗೆ ಚಾಪೆ ಹಾಸಿ ಕುಳಿತಿದ್ದ ಅಷ್ಟೂ ಜನ ಸದ್ದಿಲ್ಲದೆ ಕುಳಿತರು.

ಪಕ್ಕದಲ್ಲಿದ್ದ ನನ್ನ ಸೋದರಮಾವ ಇಪ್ಪತ್ತು ವರ್ಷ ಭೀಮನ ಪಾತ್ರ ಮಾಡಿದವರು. "ಮಾವ, ಮೊದಲಿನವನೇ ಚೆನ್ನಾಗಿ ಹಾಡಿದ ಅಲ್ಲವೇ?" ಎಂದೆ.

"ಹಾಡಿದ. ಆದರೆ ಇವರನ್ನು ನೋಡು. ಹಿಂದೆ ಆದದ್ದೆಲ್ಲ ಇವರಿಗೆ ನೆನಪಿದೆ" ಎಂದರು ಮಾವ.

ಪುಣೆಯ ಊಟದ ಮೇಜಿನಲ್ಲಿ ನನಗೆ ಸಿಗದೆ ಹೋದ ಮಾತು ಇದೇ. ಮುಂದುವರಿದ ಭಾಗ ಹಿಂದಿನದಕ್ಕಿಂತ ಎತ್ತರದಲ್ಲಿ ಹಾಡಬೇಕಾಗಿಲ್ಲ. ಹಿಂದೆ ನಡೆದದ್ದು ಅದಕ್ಕೆ ನೆನಪಿರಬೇಕು. ಮಾತಿನಲ್ಲಿ ಜ್ಞಾಪಿಸಿದರೆ ಸಾಲದು, ಮೈಯಲ್ಲಿ ಇರಬೇಕು.

ವೈಜ್ಞಾನಿಕ ಕಲ್ಪನೆಯ ಚಿತ್ರಗಳಲ್ಲಿ ಇದಕ್ಕೆ ನನ್ನ ಮಟ್ಟಿಗೆ ದೊಡ್ಡ ಉದಾಹರಣೆ 1991ರ 'ಟರ್ಮಿನೇಟರ್ 2'. ಜೇಮ್ಸ್ ಕ್ಯಾಮರೂನ್ 1984ರ ಮೊದಲ ಚಿತ್ರವನ್ನು ಸುಮಾರು 64 ಲಕ್ಷ ಡಾಲರಿನಲ್ಲಿ ಮುಗಿಸಿದ್ದರು. ಎರಡನೆಯದಕ್ಕೆ ಸುಮಾರು 10 ಕೋಟಿ ಡಾಲರ್ ಖರ್ಚಾಯಿತು. ಆ ಹಣ ಕಾಣುವುದು ದ್ರವಲೋಹದ ಖಳನಲ್ಲಿ. ಕಂಬಿಗಳ ನಡುವೆ ಅವನು ನೀರಿನಂತೆ ನುಸುಳುವುದನ್ನೇ ಎಲ್ಲರೂ ಹೊಗಳುತ್ತಾರೆ. ನಾನು ಮರಳಿ ಮರಳಿ ನೋಡುವ ದೃಶ್ಯ ಬೇರೆ. ಮಾನಸಿಕ ಆಸ್ಪತ್ರೆಯಿಂದ ನಾಯಕಿ ಸಾರಾ ತಪ್ಪಿಸಿಕೊಂಡು ಓಡುತ್ತಿದ್ದಾಳೆ. ಎದುರಿಗೆ ಲಿಫ್ಟಿನ ಬಾಗಿಲು ತೆರೆಯುತ್ತದೆ. ಒಳಗಿನಿಂದ ಬರುವುದು ಏಳು ವರ್ಷ ಹಿಂದಿನ ಚಿತ್ರದಲ್ಲಿ ತನ್ನನ್ನು ಕೊಲ್ಲಲು ಬಂದಿದ್ದ ಯಂತ್ರಮಾನವನ ಅದೇ ಮುಖ. ಸಾರಾಳ ಕಾಲು ಜಾರುತ್ತದೆ, ನೆಲಕ್ಕೆ ಬೀಳುತ್ತಾಳೆ, ಕೈಕಾಲು ಬಡಿಯುತ್ತ ಹಿಂದಕ್ಕೆ ತೆವಳಿ, ಯಾರಿಂದ ತಪ್ಪಿಸಿಕೊಂಡು ಬಂದಳೋ ಆ ಕಾವಲುಗಾರರ ಕಡೆಗೇ ಓಡುತ್ತಾಳೆ. ಈ ಸಲ ಅವನು ಕಾಪಾಡಲು ಬಂದಿದ್ದಾನೆ ಎಂದು ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಮೊದಲ ಚಿತ್ರ ಪೂರ್ತಿ ಆ ಹೆಂಗಸಿನ ಕಾಲುಗಳಲ್ಲಿದೆ. ಇದನ್ನು ಹತ್ತರಲ್ಲಿ ಎಷ್ಟು ಎಂದು ಹೇಗೆ ಹೇಳುವುದು?

ಕ್ಯಾಮರೂನ್ 1986ರ 'ಏಲಿಯನ್ಸ್'ನಲ್ಲೂ ಇದನ್ನೇ ಮಾಡಿದ್ದರು. ರಿಡ್ಲಿ ಸ್ಕಾಟ್ 1979ರ ಮೊದಲ ಚಿತ್ರ 'ಏಲಿಯನ್'ನಲ್ಲಿ ಒಂದೇ ಒಂದು ಪ್ರಾಣಿಯನ್ನು ಕತ್ತಲಲ್ಲಿಟ್ಟು ಹೆದರಿಸಿದರು. ಕ್ಯಾಮರೂನ್ ಹಿಂಡನ್ನೇ ತಂದು ಯುದ್ಧದ ಕಥೆ ಮಾಡಿದರು. ಬಗೆ ಪೂರಾ ಬೇರೆಯಾದರೂ ನಾಯಕಿ ರಿಪ್ಲಿಗೆ ಬೀಳುವ ಕೆಟ್ಟ ಕನಸು ಮೊದಲ ಚಿತ್ರದ್ದು.

ಹಾಗಾದರೆ ಎಲ್ಲಿ ಕೆಡುತ್ತದೆ? ಸಾವು ಅಗ್ಗವಾದಲ್ಲಿ. ನಮ್ಮ ನಾಟಕದಲ್ಲಿ ಅಭಿಮನ್ಯು ಸಾಯುತ್ತಾನೆಂದು ಐದು ವರ್ಷದ ಮಗುವಿಗೂ ಗೊತ್ತು. ಆದರೂ ಬೆಳಗಿನ ಜಾವದವರೆಗೆ ಕಾದು ಕುಳಿತು ಅಳುತ್ತಾರೆ. ಅವನು ಮರಳುವುದಿಲ್ಲ ಎಂಬ ಖಾತ್ರಿಯಿಂದಲೇ ಆ ಅಳು ಬರುತ್ತದೆ. ಆದ್ದರಿಂದ "ಕಥೆ ಗೊತ್ತಿರುವುದೇ" ಎಂಬ ದೂರನ್ನು ನಾನು ದೂರೆಂದೇ ಎಣಿಸುವುದಿಲ್ಲ. ನನ್ನ ದೂರು ಇನ್ನೊಂದು. 1992ರ 'ಏಲಿಯನ್ 3' ಶುರುವಾಗುವಾಗಲೇ, 'ಏಲಿಯನ್ಸ್'ನಲ್ಲಿ ರಿಪ್ಲಿ ಜೀವ ಒತ್ತೆಯಿಟ್ಟು ಉಳಿಸಿದ್ದ ಮಗು ಸತ್ತಿರುತ್ತದೆ. 2019ರ 'ಟರ್ಮಿನೇಟರ್: ಡಾರ್ಕ್ ಫೇಟ್' ಕೂಡ, 1991ರಲ್ಲಿ ಉಳಿದ ಸಾರಾಳ ಮಗನನ್ನು ಮೊದಲ ಕೆಲವು ನಿಮಿಷಗಳಲ್ಲೇ ಕೊಲ್ಲುತ್ತದೆ. ಹೊಸ ಕಥೆಗೆ ಜಾಗ ಬೇಕೆಂದು ಹಳೆಯ ಮನೆಯ ದೀಪ ಆರಿಸಿದ ಹಾಗೆ ಇದು. ಆ ಚಿತ್ರಗಳನ್ನು ಮೆಚ್ಚುವವರು ಇದ್ದಾರೆ. ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಈ ಕಣ್ಣಿನಿಂದ 'ಫೈರ್ ಆ್ಯಂಡ್ ಆ್ಯಶ್' ನೋಡಿದರೆ ನನಗೆ ಕಾಣುವುದು ಎರಡು ಚಿತ್ರಗಳು. ಒಂದಕ್ಕೆ ನೆನಪಿದೆ. ಅನ್ಯಗ್ರಹದ ನೀಲಿ ಮೈಯ ಕುಟುಂಬವೊಂದರ ಕಥೆ ಇದು; ಎರಡನೆಯ ಭಾಗದಲ್ಲಿ ಸತ್ತ ಅವರ ಹಿರಿಮಗ ನೆತೆಯಮ್ ಇಲ್ಲಿ ಪ್ರತಿಯೊಬ್ಬರ ನಡೆಯಲ್ಲೂ ಇದ್ದಾನೆ. ತಾಯಿ ನೇಯ್ತಿರಿಯ ದುಃಖ ಹೆಪ್ಪುಗಟ್ಟಿ ಮನುಷ್ಯರೆಲ್ಲರ ಮೇಲಿನ ದ್ವೇಷವಾಗಿದೆ, ಮನೆಯಲ್ಲೇ ಬೆಳೆದ ಮನುಷ್ಯ ಹುಡುಗ ಸ್ಪೈಡರ್‌ನನ್ನೂ ಅದು ಬಿಡುವುದಿಲ್ಲ. ತಮ್ಮ ಲೋಆಕ್ ತಪ್ಪು ತನ್ನದೇ ಎಂದು ಕುಗ್ಗಿದ್ದಾನೆ. ಬೂದಿಯ ಜನರ ನಾಯಕಿ ವರಾಂಗ್ ಹೊಸಬಳು. ಅವಳ ಜನರ ನೆಲೆಯನ್ನು ಜ್ವಾಲಾಮುಖಿ ಸುಟ್ಟಿತು, ಮೊರೆಯಿಟ್ಟರೂ ದೇವಿ ಐವಾ ಬರಲಿಲ್ಲ. ಮೊದಲ ಚಿತ್ರ ನಮ್ಮನ್ನು ಪೂರ್ತಿಯಾಗಿ ನಂಬಿಸಿದ್ದ ಆ ಐವಾಳನ್ನೇ ಮೂರನೆಯ ಚಿತ್ರ ಪ್ರಶ್ನಿಸುತ್ತದೆ. ಮುಂದುವರಿದ ಭಾಗಕ್ಕೆ ಇದಕ್ಕಿಂತ ಒಳ್ಳೆಯ ಕೆಲಸ ಯಾವುದು? ಇಷ್ಟಕ್ಕೇ ಈ ಚಿತ್ರ ಹಿಂದಿನ ಎರಡರ ಪಕ್ಕದಲ್ಲಿ ತಲೆಯೆತ್ತಿ ನಿಲ್ಲಬಲ್ಲದು.

ಇನ್ನೊಂದಕ್ಕೆ ಮರೆವು. ಖಳನಾಯಕ ಕರ್ನಲ್ ಕ್ವಾರಿಚ್ 2009ರಲ್ಲಿ ಎದೆಗೆ ಬಾಣ ನಾಟಿ ಸತ್ತವನು, 2022ರಲ್ಲಿ ಹೊಸ ದೇಹದಲ್ಲಿ ಎದ್ದು ಬಂದವನು. ಇಲ್ಲಿ ಮತ್ತೆ ಅದೇ ಬೆನ್ನಟ್ಟುವಿಕೆ, ಮಕ್ಕಳು ಮತ್ತೆ ಸೆರೆ, ಮತ್ತೆ ಕಡಲಿನ ಮೇಲೆ ಕೊನೆಯ ಕಾಳಗ. ಕಾಳಗ ಕಣ್ಣಿಗೆ ಹಬ್ಬವೇ, ಸುಳ್ಳು ಹೇಳುವುದಿಲ್ಲ. ಆದರೆ ಇವನು ಬಿದ್ದಾಗ ಮನಸ್ಸು ಅಲುಗಲಿಲ್ಲ. ನೆತೆಯಮ್ ಮರಳಲಾರ, ಇವನು ಮರಳಬಲ್ಲ ಎಂದಾದರೆ ಆ ತಾಯಿಯ ಅಳುವಿಗೆ ಇದು ಅನ್ಯಾಯ.

ಅಂಕಿಯಲ್ಲಿ ಅಳೆಯುವವರನ್ನು ನಾನು ದೂರವಿಡುವುದಿಲ್ಲ. ಪುಣೆಯ ಗೆಳೆಯರು ಚಿತ್ರವನ್ನು ಪ್ರೀತಿಯಿಂದಲೇ ನೋಡುತ್ತಾರೆ, ನನಗೆ ಹೊಳೆಯದ ತಾಂತ್ರಿಕ ಸೂಕ್ಷ್ಮಗಳನ್ನು ತೋರಿಸಿಕೊಟ್ಟವರೂ ಅವರೇ. ಆದರೆ ಅಲ್ಲಿ ಹಿಂದಿನ ಚಿತ್ರ ಹೊಸದನ್ನು ಅಳೆಯುವ ಕೋಲಾಗುತ್ತದೆ. ನಮ್ಮ ಚಪ್ಪರದಲ್ಲಿ ಒಂದನೇ ಕೃಷ್ಣ ಎರಡನೆಯವರ ಒಳಗೆ ಉಳಿದಿದ್ದಾನೋ ಇಲ್ಲವೋ ಎಂದು ನೋಡುತ್ತಾರೆ. ನನಗೆ ಈ ನೋಟ ಹೆಚ್ಚು ನ್ಯಾಯವೆನಿಸುತ್ತದೆ.

ನಾಟಕ ಮುಗಿದ ಮೇಲೆ, ಮನೆಗೆ ನಡೆಯುತ್ತ ಮಾವನಿಗೆ ನೇಯ್ತಿರಿಯ ಕಥೆ ಹೇಳಿದೆ. ಅನ್ಯಗ್ರಹ, ನೀಲಿ ಮೈ, ಹಾರುವ ಪ್ರಾಣಿಗಳು ಎಲ್ಲವನ್ನೂ ಕೇಳಿಸಿಕೊಂಡು, "ಮಗನನ್ನು ಕಳೆದುಕೊಂಡವಳು ಆಮೇಲೆ ಏನು ಮಾಡಿದಳು?" ಎಂದು ಅದೊಂದನ್ನೇ ಎರಡು ಸಲ ಕೇಳಿದರು. ನಾಲ್ಕನೆಯ ಭಾಗ 2029ರ ಡಿಸೆಂಬರ್‌ಗೆ ಎಂದು ಪ್ರಕಟಿಸಿದ್ದಾರೆ. ಅದು ಬಂದಾಗ ಮಾವನನ್ನು ಹಾಸನಕ್ಕೆ ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿಕೊಂಡು ನೋಡುತ್ತೇನೆ. ತೆರೆಯ ಮೇಲೆ ಎಷ್ಟೇ ಹೊಸದು ಬರಲಿ, ನಾವಿಬ್ಬರೂ ಮೊದಲು ನೋಡುವುದು ಆ ತಾಯಿಯ ಮುಖವನ್ನು.